ತೊಟ್ಟಿಲು ಮಾಡುವವನ ಎದೆನೋವು

ಡಾಕ್ಟರು ಎದೆಯ ನಡುವೆ, ಎಲುಬಿನ ಸಂದಿಯಲ್ಲಿ ಬೆರಳು ಒತ್ತಿದ ಕೂಡಲೇ ‘ಅಯ್ಯಯ್ಯೋ’ ಎಂದು ಕೂಗಿದೆ. ಅವರು ನಕ್ಕುಬಿಟ್ಟರು. ದಿನಾ ಬೆಳಿಗ್ಗೆ ಓಡುವ ನನಗೆ ತಿಂಗಳಿಂದ ಸಣ್ಣಗೆ ಎದೆನೋವು. ಈ ವಯಸ್ಸಿಗೇ ಹೃದಯ ಕೈಕೊಟ್ಟಿತೆಂದು ಹೆದರಿದ್ದೆ. ಇಸಿಜಿ ಸರಿಯಾಗಿಯೇ ಇತ್ತು.

“ಹೃದಯ ಅಗದಿ ಗಟ್ಟಿ ಐತ್ರಿ. ಇದು ಎಲುಬಿನ ನೋವು. ಎದಿ ಮ್ಯಾಲ ಏನರ ಭಾರ ಇಟ್ಕೋತೀರೇನ್ರಿ?”

ಪಕ್ಕದಲ್ಲಿದ್ದ ಹೆಂಡತಿ ಮಡಿಲಲ್ಲಿದ್ದ ಮಗಳನ್ನು ಎತ್ತಿ ತೋರಿಸಿದಳು. “ಈಕೀನ್ರಿ! ದಿನಾ ಅಪ್ಪನ ಎದಿ ಮ್ಯಾಲನ ಮಲಗ್ತಾಳ. ಊರ ಮಕ್ಕಳಿಗೆಲ್ಲಾ ಬಣ್ಣದ ತೊಟ್ಟಲಾ ಮಾಡಿ ಕೊಡ್ತಾರ, ತಮ್ಮ ಮಗಳಿಗೆ ಇನ್ನೂ ಇಲ್ಲ ನೋಡ್ರಿ!”

ಕಲಘಟಗಿಯ ನಮ್ಮ ಮನೆಯಲ್ಲಿ ಆಮೇಲೆ ಗಿಳಿಯ ಚಿತ್ರ ಬರೆದ ತೊಟ್ಟಿಲು ತೂಗಿತು. ನೋವು ಹೋಯಿತು. ಆದರೆ ಮಧ್ಯಾಹ್ನ ಹೆಂಡತಿ ನಿದ್ದೆಗೆ ಜಾರಿದ್ದೇ ತಡ, ಮಗಳು ತೊಟ್ಟಿಲಿನಿಂದ ನನ್ನತ್ತ ಕೈ ಚಾಚುತ್ತಾಳೆ. ನಾನೂ ಅದನ್ನೇ ಕಾಯುತ್ತಿರುತ್ತೇನೆ.