ನೆಲಮಾಳಿಗೆಯಲ್ಲಿದ್ದ ಒಲೀಟಾಳ ಫೈಲು

ನಮ್ಮ ಟಾಲ್ಬರ್ಟ್ ಕೌಂಟಿಯ ಕೋರ್ಟಿನಲ್ಲಿ ಮದುವೆಯ ಪರವಾನಗಿ ಕೊಡುವುದೂ ವಿಚ್ಛೇದನದ ಅರ್ಜಿ ತೆಗೆದುಕೊಳ್ಳುವುದೂ ಒಂದೇ ಕಿಟಕಿಯಲ್ಲಿ. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಾವು ನಗುವುದಿಲ್ಲ, ನಮ್ಮಲ್ಲಿ ಅರ್ಧಕ್ಕರ್ಧ ಮಂದಿ ಎರಡೂ ಕೆಲಸಕ್ಕೆ ಆ ಕಿಟಕಿಗೆ ಬಂದವರೇ. ಕೆಳಗಿನ ನೆಲಮಾಳಿಗೆಯಲ್ಲಿ ನನ್ನವೇ ಎರಡು ವಿಚ್ಛೇದನದ ಫೈಲುಗಳಿವೆ. ಎರಡಕ್ಕೂ ಠಸ್ಸೆ ಹಾಕಿದವಳು ಒಲೀಟಾ. ಎರಡನೆಯ ಸಲ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಮುಂದಿನ ಸಲ ಮದುವೆಗೆ ಮುಂಚೆ ಬಾ ಟ್ವೈಲಾ. ಆ ಗಂಡಸನ್ನ ನಾನೊಂದ್ಸಲ ನೋಡ್ತೀನಿ" ಅಂದಳು. ಆ ವರ್ಷವೇ ನನಗೆ ಅವಳ ಪಕ್ಕದ ಕುರ್ಚಿಯಲ್ಲಿ ಕೆಲಸವೂ ಸಿಕ್ಕಿತು.

ಒಲೀಟಾ ಬರ್ಚ್‌ಫೀಲ್ಡ್ ಎಂದರೆ ಎತ್ತರದ ಹೆಂಗಸು. ಬೇಸಿಗೆಯಲ್ಲೂ ಸಾಸಿವೆ ಬಣ್ಣದ ಸ್ವೆಟರು, ಕತ್ತಿನಲ್ಲಿ ಸರಪಳಿಗೆ ಕಟ್ಟಿದ ಕನ್ನಡಕ. ಹಳೆಯ ವಿಚ್ಛೇದನದ ದಾಖಲೆ ಕೇಳಿಕೊಂಡು ಬಂದವರು ಕಿಟಕಿಯ ಹತ್ತಿರ ಬಂದ ಕೂಡಲೇ ದನಿ ತಗ್ಗಿಸುತ್ತಾರೆ. ಒಲೀಟಾ ಅವರಿಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಒಂದು ಚೀಟಿ, ಒಂದು ಪೆನ್ಸಿಲು ಮುಂದೆ ತಳ್ಳಿ, "ಹೆಸರು, ವರ್ಷ ಬರಿ ಚಿನ್ನಾ, ಹೇಳೋಕೆ ಹೋಗ್ಬೇಡ. ನಿನ್ನ ಹಿಂದೆ ನಿಂತಿರೋನಿಗೆ ಕಿವಿ ಉದ್ದ" ಅನ್ನುತ್ತಿದ್ದಳು. ಆಮೇಲೆ ಮಂಡಿ ಹಿಡಿದುಕೊಂಡು ಇಪ್ಪತ್ತೊಂದು ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗುವಳು. 1907ರಿಂದ ಈಚೆಗೆ ಈ ಕೌಂಟಿಯಲ್ಲಿ ಯಾರು ಯಾರನ್ನು ಬಿಟ್ಟರು ಎಂಬುದೆಲ್ಲ ಅಲ್ಲಿದೆ. ಕಂಪ್ಯೂಟರು ಬಂದ ಮೇಲೂ ಮುಗಿದ ಕೇಸಿನ ಕಾಗದ ಅಲ್ಲಿಗೇ ಹೋಗಬೇಕು. ನನಗೆ ಜೇಡ ಕಂಡರೆ ಆಗದು. ಹಾಗಾಗಿ ಕೆಳಗೆ ಹೋಗುತ್ತಿದ್ದವಳು ಅವಳೊಬ್ಬಳೇ.

ಹೊಸದಾಗಿ ಅರ್ಜಿ ಹಾಕಲು ಬಂದವರಿಗೆ ಅವಳು ಹೇಳುತ್ತಿದ್ದ ಮಾತು ನನಗೆ ಬಾಯಿಪಾಠವಾಗಿತ್ತು. "ಠಸ್ಸೆ ಬಿತ್ತು ಅಂದ್ರೆ ಬಿಡುಗಡೆ ಆಯ್ತು ಅಂತಲ್ಲ. ಇದು ಬರೀ ಶುರು. ಜಡ್ಜ್ ಮುಂದೆ ನಿಂತು ತೀರ್ಪು ತಗೊಂಡು ಬಾ, ಅಲ್ಲೀವರೆಗೂ ನೀನು ಗಂಡ ಇರೋಳೇ." ಏಕೆಂದರೆ ನಮ್ಮ ಜನ ಮಾಡುವ ತಪ್ಪೇ ಅದು. ಅರ್ಜಿ ಕೊಟ್ಟು, ಕೆಂಪು ಠಸ್ಸೆಯ ನಕಲನ್ನು ಬೈಬಲ್ಲಿನ ನಡುವೆ ಇಟ್ಟುಕೊಂಡು, ಎಲ್ಲ ಮುಗಿಯಿತು ಎಂದುಕೊಂಡು ಬದುಕುತ್ತಾರೆ. ಹತ್ತು ವರ್ಷದ ಮೇಲೆ ಇನ್ನೊಂದು ಮದುವೆಗೆ ಬಂದಾಗ ಕಾಲ ಕೆಳಗಿನ ನೆಲ ಜಾರುತ್ತದೆ.

ಡೆಲ್ಮರ್ ಹೋಯ್ಟ್ ನಮ್ಮ ಕಿಟಕಿಗೆ ಮೊದಲು ಬಂದದ್ದು ಹೆಂಡತಿ ತೀರಿಕೊಂಡ ವರ್ಷ, ತಮ್ಮ ಹಳೆಯ ಮದುವೆಯ ಪರವಾನಗಿಯ ನಕಲಿಗೆ. ಬಾವಿಯ ಪಂಪು ರಿಪೇರಿ ಮಾಡುವ ಮನುಷ್ಯ, ಮಾತು ಕಡಿಮೆ, ಕೈ ದೊಡ್ಡದು. ನಕಲು ಸಿಕ್ಕ ಮೇಲೂ ಅವನು ಬರುವುದು ನಿಲ್ಲಲಿಲ್ಲ. ಒಮ್ಮೆ ಟೊಮೇಟೊ, ಒಮ್ಮೆ ಬೆಂಡೆಕಾಯಿ, ಒಮ್ಮೆ ಸುಲಿದ ಪೀಕಾನ್ ಬೀಜ. ನನಗೂ ಒಂದು ಪಾಲು ಬರುತ್ತಿತ್ತು, ಸುಳ್ಳು ಹೇಳಲಾರೆ, ಅವನ ಪರವಾಗಿ ನಾನು ಲಂಚ ತಿಂದವಳು. ಐದು ವರ್ಷ ಹೀಗೆ ಕಳೆಯಿತು. 2008ರ ಈಸ್ಟರ್ ಮುಗಿದ ಸೋಮವಾರ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

"ಒಲೀಟಾ, ನನಗೆ ಅರವತ್ತೇಳು. ಎರಡು ಸಲ ಕೇಳಿದ್ದೀನಿ, ನೀನು ನೋಡೋಣ ನೋಡೋಣ ಅಂದೆ. ನೋಡಿ ಆಯ್ತಾ? ಆ ಪರವಾನಗಿ ಫಾರಂ ನಿನ್ನ ಮೇಜಿನ ಮೇಲೇ ಇದೆ, ಕೈ ಚಾಚಿದ್ರೆ ಸಿಗತ್ತೆ."

ನಾನು ಚಪ್ಪಾಳೆ ತಟ್ಟಲು ಸಿದ್ಧಳಾಗಿದ್ದೆ. ಒಲೀಟಾ ಮಾತ್ರ "ಕೆಳಗೆ ಒಂದು ಫೈಲು ನೋಡ್ಬೇಕು" ಎಂದು ಎದ್ದು ಮೆಟ್ಟಿಲಿಳಿದು ಹೋದಳು. ಅರ್ಧ ಗಂಟೆಯಾದರೂ ಬರಲಿಲ್ಲ. ಡೆಲ್ಮರ್ ಪಾಪ ಟೋಪಿ ಹಾಕಿಕೊಂಡು ಹೊರಟುಹೋದ. ನಾನು ಜೇಡಗಳನ್ನು ಶಪಿಸುತ್ತ ಕೆಳಗಿಳಿದೆ.

ಅವಳು ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ತೆಳ್ಳಗಿನ ಒಂದು ಫೈಲು.

"ಓದು," ಅಂದಳು.

1985ರ ಮಾರ್ಚಿನ ಅರ್ಜಿ. ಒಲೀಟಾ ಬರ್ಚ್‌ಫೀಲ್ಡ್, ಗಾರ್ಲೆಂಡ್ ಬರ್ಚ್‌ಫೀಲ್ಡನ ಮೇಲೆ. ಅದರ ಹಿಂದೆ ಶೆರಿಫ್‌ನ ಚೀಟಿ, ಪ್ರತಿವಾದಿ ಸಿಗಲಿಲ್ಲ ಎಂದು. ಅದರ ಹಿಂದೆ ಒಂದೇ ಸಾಲಿನ ಆದೇಶ: ಅರ್ಜಿದಾರಳು ಮುಂದುವರಿಸದ ಕಾರಣ ವಜಾ. ನಾನು ಮತ್ತೆ ತಿರುವಿ ಹಾಕಿದೆ.

"ತೀರ್ಪೆಲ್ಲಿ?"

"ಇಲ್ಲ."

"ಎಲ್ಲೋ ಕಳೆದುಹೋಗಿರಬೇಕು ಬಿಡು."

"ನಾನಿಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೀನಿ. ಒಂದು ಕಾಗದ ಕಳೆದಿದ್ದೀನಾ?"

ಆಮೇಲೆ ಹೇಳಿದಳು. ಗಾರ್ಲೆಂಡ್ ಎಣ್ಣೆ ಬಾವಿಯ ಕೆಲಸಕ್ಕೆಂದು ವಯೋಮಿಂಗಿಗೆ ಹೋದವನು ಮತ್ತೆ ಸುದ್ದಿಯಿಲ್ಲ. ಅರ್ಜಿ ಹಾಕಿದಳು. ಗಂಡ ಸಿಗದಿದ್ದರೆ ಊರಿನ ಪತ್ರಿಕೆಯಲ್ಲಿ ಮೂರು ಗುರುವಾರ ಪ್ರಕಟಣೆ ಹಾಕಿಸಬೇಕು ಎಂಬುದು ಕಾನೂನು. ನಮ್ಮ ಊರಿನಲ್ಲಿ ಗುರುವಾರದ ಪತ್ರಿಕೆಯನ್ನು ಯಾರೂ ಮೊದಲ ಪುಟದಿಂದ ಓದುವುದಿಲ್ಲ. ಹಿಂದಿನ ಪುಟದ ಕೋರ್ಟು ಪ್ರಕಟಣೆಯಿಂದಲೇ ಶುರು.

"ಅಮ್ಮನಿಗೆ ಅವನು ನನ್ನ ಬಿಟ್ಟುಹೋದ ಅಂತ ಹೇಳಿರಲಿಲ್ಲ ಟ್ವೈಲಾ. ವಾರವಾರ ಕಾಗದ ಬರೀತಾನೆ ಅಂದಿದ್ದೆ. ಕೆಲವು ಕಾಗದ ನಾನೇ ಬರೆದು ಅವಳಿಗೆ ಓದಿ ಹೇಳ್ತಿದ್ದೆ. ಭೂತಗನ್ನಡಿ ಹಿಡ್ಕೊಂಡು ಆ ಹಿಂದಿನ ಪುಟ ಓದ್ತಿದ್ಲು ಅವಳು. ಹೇಗೆ ಹಾಕಿಸಲಿ?"

ಹಾಕಿಸಲಿಲ್ಲ. ಮರುವರ್ಷ ಅವಳಿಗೆ ಈ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೊದಲ ತಿಂಗಳು ಕೊಟ್ಟ ಕೆಲಸ, ವಜಾ ಆಗಬೇಕಾದ ಹಳೆಯ ಕೇಸುಗಳ ಪಟ್ಟಿಯನ್ನು ಟೈಪು ಮಾಡುವುದು. ಅದರಲ್ಲಿ ಹದಿನಾಲ್ಕನೆಯದು ಅವಳದೇ. ಟೈಪು ಮಾಡಿದಳು. ಯಾರೂ ಗಮನಿಸಲಿಲ್ಲ. ಅಮ್ಮ ಸತ್ತ ಮೇಲೆ ಮಾಡಬಹುದಿತ್ತು, ಆದರೆ ಅಷ್ಟರಲ್ಲಿ ಗಂಡನ ಸುಳಿವೇ ಇಲ್ಲದ್ದನ್ನು ನೋಡಿ ಊರೆಲ್ಲ ಅವಳನ್ನು ಬಿಡುಗಡೆಯಾದವಳು ಎಂದೇ ತಿಳಿದಿತ್ತು, ದಿನಕ್ಕೆ ನಾಲ್ಕು ಜನರಿಗೆ ಜಡ್ಜ್ ಮುಂದೆ ನಿಂತು ಬಾ ಎಂದು ಬುದ್ಧಿ ಹೇಳುವವಳೂ ಅವಳೇ ಆಗಿದ್ದಳು. ಈಗ ಯಾವ ಮುಖ ಹೊತ್ತು ಅರ್ಜಿ ಹಾಕುವುದು?

ನನಗೆ ಅಳು ಬಂತು, ಸಿಟ್ಟೂ ಬಂತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಯಾರಿಗೆ ಗೊತ್ತಾಗತ್ತೆ? ಇಲ್ಲಿಗೆ ಇಳಿಯೋಳು ನೀನೊಬ್ಬಳೇ. ಪರವಾನಗಿಗೆ ಕೈ ಎತ್ತು, ಗಂಡ ಇಲ್ಲ ಅನ್ನು, ಕಥೆ ಮುಗೀತು. ಪ್ರಮಾಣ ಮಾಡಿಸೋಳು ನಾನು ತಾನೆ?"

ಅವಳು ಕನ್ನಡಕ ತೆಗೆದು ಸ್ವೆಟರಿನ ತುದಿಯಲ್ಲಿ ಒರೆಸಿದಳು. "ಸುಳ್ಳಲ್ಲಿ ಒಂದ್ಸಲ ಸಂಸಾರ ನಡೆಸಿದ್ದೀನಿ. ಡೆಲ್ಮರ್ ಹತ್ರ ಅದು ಬೇಡ."

ಮರುದಿನ ಮಧ್ಯಾಹ್ನ ಕೋರ್ಟಿನ ಹುಲ್ಲುಹಾಸಿನ ಬೆಂಚಿನಲ್ಲಿ ಅವನನ್ನು ಕೂರಿಸಿ ಹೇಳಿದಳು. ನಾನು ಪಕ್ಕದ ಬೆಂಚಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ. ದಿನಾ ಅಲ್ಲಿ ತಿನ್ನುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ಡೆಲ್ಮರ್ ಪೂರ್ತಿ ಕೇಳಿದ.

"ಅಂದ್ರೆ ಐದು ವರ್ಷದಿಂದ ನಾನು ಇನ್ನೊಬ್ಬನ ಹೆಂಡತಿಗೆ ಬೆಂಡೆಕಾಯಿ ತಂದುಕೊಡ್ತಿದ್ದೆ."

"ಹೌದು ಡೆಲ್ಮರ್."

"ಚರ್ಚಲ್ಲಿ ನನ್ನ ಬಗ್ಗೆ ಮಾತಾಡೋಕೆ ಜನಕ್ಕೆ ಇದುವರೆಗೂ ಏನೂ ಇರಲಿಲ್ಲ." ಅವನು ಅವಳ ಕೈ ಹಿಡಿದ. "ಹಾಕಿಸು ಪತ್ರಿಕೇಲಿ. ಮೂರು ಗುರುವಾರಾನೂ ಪತ್ರಿಕೆ ಕೊಳ್ಳೋಕೆ ನಾನೂ ನಿನ್ನ ಜೊತೆ ಬರ್ತೀನಿ."

ಅವಳು ತನ್ನ ಅರ್ಜಿಗೆ ತಾನೇ ಠಸ್ಸೆ ಹಾಕುವಂತಿಲ್ಲ. ಆ ಶುಕ್ರವಾರ ಒಲೀಟಾ ಕೌಂಟರನ್ನು ಸುತ್ತಿಕೊಂಡು ಹೊರಗೆ ಹೋಗಿ, ಅತಿವೇಗದ ದಂಡ ಕಟ್ಟಲು ಬಂದಿದ್ದ ಒಬ್ಬ ಲಾರಿ ಡ್ರೈವರನ ಹಿಂದೆ ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ನಾನು ಠಸ್ಸೆ ಎತ್ತಿ, ಅವಳದೇ ಮಾತನ್ನು ಅವಳಿಗೆ ಹೇಳಿದೆ: "ಇದು ಬರೀ ಶುರು ಚಿನ್ನಾ. ಜಡ್ಜ್ ಮುಂದೆ ನಿಂತು ತೀರ್ಪು ತಗೊಂಡು ಬಾ."

"ಬಾಯಿ ಮುಚ್ಚಿ ಕೆಲಸ ಮಾಡೆ," ಅಂದಳು. ಆದರೆ ನಕ್ಕಳು.

ಮೊದಲ ಗುರುವಾರದ ಪತ್ರಿಕೆ ಬಂತು. ಕೆಫೆಯಲ್ಲಿ ನಾಲ್ಕು ಮಾತು ಆಡಿರಬೇಕು, ಆಡದೆ ಇರುತ್ತಾರೆಯೇ? ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ವಿಲ್ಮಾ ಸ್ಟೆಗಾಲ್ ಒಳಗೆ ಬಂದಳು. ಎಪ್ಪತ್ತು ದಾಟಿದವಳು, ಚರ್ಚಿನ ಪಿಯಾನೊ ನುಡಿಸುವವಳು, ಊರಿನ ಅರ್ಧ ಗಾಳಿಮಾತು ಅವಳ ಅಡುಗೆಮನೆಯಿಂದಲೇ ಹೊರಡುವುದು. ಟೊಂಕ ಕಟ್ಟಿಕೊಂಡು ಜಗಳಕ್ಕೆ ಬಂದಿದ್ದಾಳೆಂದು ನಾನೂ ಸಿದ್ಧಳಾದೆ. ಅವಳು ನನ್ನನ್ನು ನೋಡಲೇ ಇಲ್ಲ. ಪೆನ್ಸಿಲು ತೆಗೆದುಕೊಂಡು ಚೀಟಿಯಲ್ಲಿ ಏನೋ ಬರೆದು ಒಲೀಟಾಳ ಮುಂದೆ ತಳ್ಳಿದಳು.

"1961," ಎಂದು ಪಿಸುಗುಟ್ಟಿದಳು. "ನನ್ನ ಮೊದಲನೇದು. ನಮ್ಮ ಯಜಮಾನ್ರಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಠಸ್ಸೆ ಇರೋ ಕಾಗದ ಒಂದಿದೆ. ನಿನ್ನೆ ನಿಂದು ಓದಿದ ಮೇಲೆ ನಿದ್ದೆನೇ ಬಂದಿಲ್ಲ. ಪೂರ್ತಿ ಆಗಿದೆಯಾ ಒಲೀಟಾ? ನಲವತ್ತೈದು ವರ್ಷದಿಂದ ನಾನು ಪಾಪದಲ್ಲಿದ್ದೀನಾ?"

ಒಲೀಟಾ ಚೀಟಿ ತೆಗೆದುಕೊಂಡು ಕೆಳಗೆ ಹೋದಳು. ಹತ್ತು ನಿಮಿಷಕ್ಕೆ ಬಂದು ಮಡಚಿದ ಒಂದು ನಕಲನ್ನು ವಿಲ್ಮಾಳ ಅಂಗೈಯಲ್ಲಿಟ್ಟಳು. "ಜಡ್ಜ್ ಸಹಿ ಇದೆ. ನೀನು ಬಿಡುಗಡೆ ಆಗಿ ನಲವತ್ತೇಳು ವರ್ಷ ಆಯ್ತು. ಮನೆಗೆ ಹೋಗಿ ಮಲಕ್ಕೋ."

ವಿಲ್ಮಾ ಆ ಕೌಂಟರಿನ ಮೇಲೆ ತಲೆಯಿಟ್ಟು ಅತ್ತಳು.

ಆ ಮೂರು ವಾರದಲ್ಲಿ ಹನ್ನೊಂದು ಮಂದಿ ಬಂದರು. ಎಂಟು ಮಂದಿಯದು ಸರಿಯಿತ್ತು. ಮೂವರದು ಒಲೀಟಾಳ ಹಾಗೆ ಅರ್ಧಕ್ಕೆ ನಿಂತಿತ್ತು. ಅವರನ್ನು ಪಕ್ಕಕ್ಕೆ ಕೂರಿಸಿ, ಯಾವ ಫಾರಂ, ಯಾರ ಸಹಿ ಎಂದು ತಾನೇ ತೋರಿಸಿಕೊಟ್ಟಳು. ಅವಳು ನೆಲಮಾಳಿಗೆಯಿಂದ ಮೇಲೆ ಬರುವಾಗ ಮುಖ ಅಷ್ಟು ಹಗುರವಾಗಿದ್ದುದನ್ನು ನಾನು ಮೊದಲು ನೋಡಿದ್ದು ಆಗಲೇ. ಇಪ್ಪತ್ಮೂರು ವರ್ಷ ಅವಳು ಹೆದರಿದ್ದು ಈ ಜನಕ್ಕೆ. ಈ ಜನ ನೋಡಿದರೆ ಅದೇ ಹೆದರಿಕೆಯನ್ನು ಬೈಬಲ್ಲಿನ ನಡುವೆ ಇಟ್ಟುಕೊಂಡು ಕೂತಿದ್ದರು.

ಮೂರನೆಯ ಗುರುವಾರದ ಮೇಲೆ ಫೋನು ಬಂತು. ಗಾರ್ಲೆಂಡನ ಚಿಕ್ಕಪ್ಪನ ಮಗನೊಬ್ಬ ಪತ್ರಿಕೆಯ ತುಣುಕನ್ನು ವಯೋಮಿಂಗಿಗೆ ಅಂಚೆಯಲ್ಲಿ ಕಳಿಸಿದ್ದನಂತೆ. ಒಲೀಟಾ ಸ್ಪೀಕರು ಒತ್ತಿ ನನ್ನ ಕೈ ಹಿಡಿದುಕೊಂಡಳು.

"ಒಲೀಟಾ? ಅಲ್ಲ, ಅದು ಆವತ್ತೇ ಮುಗಿದಿತ್ತಲ್ವಾ? ನೀನು ಅರ್ಜಿ ಹಾಕಿದೆ ಅಂತ ಕೇಳಿದ್ದೆ," ಅಂದಿತು ಒಂದು ಒರಟು ದನಿ. "ಮುಗೀತು ಅಂತಾನೇ ನಾನಿಲ್ಲಿ ಎರಡು ಸಲ ಮದ್ವೆ..."

"ಗಾರ್ಲೆಂಡ್, ನಾನು ಕೋರ್ಟಲ್ಲಿ ಕೆಲಸ ಮಾಡೋಳು. ಆ ಮಾತನ್ನ ನನ್ನ ಕಿವಿ ಮೇಲೆ ಹಾಕ್ಬೇಡ," ಅಂದಳು ಒಲೀಟಾ. "ಒಂದು ಫಾರಂ ಕಳಿಸ್ತೀನಿ. ಸಹಿ ಹಾಕಿ ವಾಪಸ್ ಕಳಿಸು, ಮೊದಲು ಒಬ್ಬ ವಕೀಲನನ್ನ ನೋಡು."

ಆಮೇಲೆ, "ನಿನ್ನಮ್ಮ ಚೆನ್ನಾಗಿದ್ದಾರಾ?" ಎಂದು ಕೇಳಿದ.

"ಹೋಗಿ ಹತ್ತು ವರ್ಷ ಆಯ್ತು. ನಿನ್ನ ಕಾಗದ ಅಂದ್ರೆ ಅವಳಿಗೆ ಬಹಳ ಇಷ್ಟ," ಎಂದು ಫೋನಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು.

ಜೂನಿನಲ್ಲಿ ಜಡ್ಜ್ ಮುಂದೆ ನಿಂತಳು. ನಾಲ್ಕು ನಿಮಿಷದ ಕೆಲಸ. ತೀರ್ಪಿಗೆ ಠಸ್ಸೆ ಹಾಕಿದವಳು ನಾನು. ಆದರೆ ನಮ್ಮಲ್ಲಿ ತೀರ್ಪಾದ ಮೇಲೆ ಆರು ತಿಂಗಳು ಬೇರೆಯವರನ್ನು ಮದುವೆಯಾಗುವಂತಿಲ್ಲ. ಅವಸರದವರು ಗಡಿ ದಾಟಿ ಪಕ್ಕದ ರಾಜ್ಯದಲ್ಲಿ ಮದುವೆ ಮುಗಿಸಿ ಬರುತ್ತಾರೆ, ಆಮೇಲೆ ಅದು ಇಲ್ಲಿ ನಡೆಯದೆ ಪರದಾಡುತ್ತಾರೆ. ಡೆಲ್ಮರನ ಪಿಕಪ್ ಗಾಡಿಗೆ ಪೆಟ್ರೋಲು ತುಂಬಿಸಿಯೂ ಆಗಿತ್ತು. ಒಲೀಟಾ ಒಪ್ಪಲಿಲ್ಲ. "ಒಂದ್ಸಲ ಅರ್ಧಕ್ಕೆ ಬಿಟ್ಟವಳು ನಾನು. ಈ ಸಲ ಎಲ್ಲಾ ಪೂರ್ತಿ." ಡೆಲ್ಮರ್ ಆರು ತಿಂಗಳು ಬೆಂಡೆಕಾಯಿ, ಆಮೇಲೆ ಕುಂಬಳಕಾಯಿ, ಆಮೇಲೆ ಪೀಕಾನ್ ತಂದ.

ಡಿಸೆಂಬರಿನ ಒಂದು ಮಂಗಳವಾರ ಇಬ್ಬರೂ ನನ್ನ ಕಿಟಕಿಯ ಮುಂದೆ ನಿಂತರು. ಒಲೀಟಾ ಸ್ವೆಟರು ಬಿಟ್ಟು ನೀಲಿ ಬಟ್ಟೆ ತೊಟ್ಟಿದ್ದಳು. ವಿಲ್ಮಾ ಹಿಂದಿನ ಬೆಂಚಿನಲ್ಲಿ ಕೇಕಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ನಾನು ಫಾರಂ ತೆಗೆದು, "ಇಬ್ಬರೂ ಬಲಗೈ ಎತ್ತಿ," ಅಂದೆ.

ಡೆಲ್ಮರ್ ಎತ್ತಿದ. ಒಲೀಟಾ ಎತ್ತಲಿಲ್ಲ.

"ಕೆಳಗೆ ಹೋಗಿ ನೋಡಿದ್ಯಾ ಟ್ವೈಲಾ?"

"ನೋಡೋದೇನು? ಆ ತೀರ್ಪಿಗೆ ಠಸ್ಸೆ ಹಾಕಿದವಳೇ ನಾನು!"

"ಯಾರೇ ಬಂದ್ರೂ ನಾನು ಹೋಗಿ ನೋಡ್ತಿದ್ದೆ. ನಂದನ್ನೂ ನೋಡು."

ಇಪ್ಪತ್ತೊಂದು ಮೆಟ್ಟಿಲಿಳಿದೆ. ಜೇಡಗಳು ಇದ್ದವು, ಇರಲಿ ಎಂದೆ. 1985ರ ತೆಳ್ಳಗಿನ ಫೈಲಿನ ಪಕ್ಕದಲ್ಲೇ ಹೊಸದನ್ನೂ ಅವಳೇ ತಂದಿಟ್ಟಿದ್ದಳು. ಹೊಸದನ್ನು ಮೇಲೆ ತಂದು ಕೌಂಟರಿನ ಮೇಲೆ ಬಿಚ್ಚಿದೆ. ಒಲೀಟಾ ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಜಡ್ಜ್ ಸಹಿಯವರೆಗೂ ಬೆರಳಿಟ್ಟು ಓದಿದಳು. ಕಚೇರಿಯಲ್ಲಿ ಎಲ್ಲರೂ ಕಾದರು.

"ಸರಿಯಾಗಿದೆ," ಅಂದಳು.

ನಾನು ಫಾರಂ ನೋಡಿ, "ನಿಮ್ಮಿಬ್ಬರಲ್ಲಿ ಯಾರಿಗಾದರೂ ಈಗ ಗಂಡನೋ ಹೆಂಡತಿಯೋ..." ಎಂದು ಶುರು ಮಾಡುವಷ್ಟರಲ್ಲಿ ಪ್ರಮಾಣಕ್ಕೆ ಅವಳ ಬಲಗೈ ಮೇಲೆದ್ದಿತ್ತು.