ಹನ್ನೊಂದು ಮಿಲಿಮೀಟರ್ ಕಣ್ಣೀರು

ಮಾವಳ್ಳಿಯ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ನಾಮಕರಣವಾಗಲಿ, ಸೀಮಂತವಾಗಲಿ, ಈರುಳ್ಳಿ ಹೆಚ್ಚಲು ನಮ್ಮಮ್ಮನಿಗೇ ಕರೆ. ಐದು ಕೆಜಿ ಹೆಚ್ಚಿದರೂ ಅಮ್ಮನ ಕಣ್ಣಲ್ಲಿ ಒಂದು ಹನಿ ಬರುತ್ತಿರಲಿಲ್ಲ. ನಾನಂತೂ ಪಕ್ಕದಲ್ಲಿ ನಿಂತು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅದು ಕಾಯಿಲೆ ಇರಬಹುದು ಅಂತ ಮನೆಯಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ? ಊಹೂಂ.

ಅಜ್ಜಿ ತೀರಿಕೊಂಡಾಗಲೂ ಆ ಕಣ್ಣು ಒದ್ದೆಯಾಗಲಿಲ್ಲ. ಚಾಮರಾಜಪೇಟೆಯಿಂದ ಬಂದಿದ್ದ ಮಾವ, ಅಮ್ಮನ ಒಬ್ಬನೇ ತಮ್ಮ, ನೆಂಟರೆಲ್ಲರ ಎದುರಿಗೆ ಅಂದೇಬಿಟ್ಟ: “ಹೆತ್ತವ್ವ ಹೋದ್ರೂ ಒಂದ್ ಹನಿ ಇಲ್ವಲ್ಲಕ್ಕಾ, ಕಲ್ಲು ಕಣೇ ನೀನು.” ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೂ ಅವನು ಬರುತ್ತಿದ್ದ, ಉಣ್ಣುತ್ತಿದ್ದ, ನಗುತ್ತಿದ್ದ. ಆ ಮಾತನ್ನು ಮಾತ್ರ ಇಬ್ಬರೂ ಮತ್ತೆ ಎತ್ತಲಿಲ್ಲ.

ಅಮ್ಮನ ಕೆಲಸ ಸೀರೆ ಸೆರಗಿಗೆ ಕುಚ್ಚು ಕಟ್ಟುವುದು. ಗಾಂಧಿ ಬಜಾರಿನ ಅಂಗಡಿಗಳಿಂದ ಸೀರೆಗಳು ಬರುತ್ತವೆ, ಅಮ್ಮ ಒಂದೊಂದೇ ಎಳೆ ಬಿಡಿಸಿ ಗಂಟು ಹಾಕುತ್ತಾಳೆ. ಒಂದು ದಿನ ಒಂದೇ ಸೆರಗನ್ನು ಮೂರು ಸಲ ಬಿಚ್ಚಿ ಕಟ್ಟುತ್ತಿದ್ದಳು. “ಕಣ್ಣಲ್ಲಿ ಮರಳು ಹುಯ್ದಂಗಿದೆ ಕಣೇ, ಎಳೇನೇ ಕಾಣ್ತಿಲ್ಲ” ಅಂದಳು. ಕೈಲಿದ್ದದ್ದನ್ನು ಕಿತ್ತಿಟ್ಟು, ಸೀದಾ ಕಣ್ಣಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಒಂದು ಸಣ್ಣ ಕಾಗದದ ಪಟ್ಟಿಯನ್ನು ಮಡಚಿ ಅಮ್ಮನ ಕೆಳರೆಪ್ಪೆಗೆ ಸಿಕ್ಕಿಸಿದರು. ಐದು ನಿಮಿಷದಲ್ಲಿ ಕಣ್ಣೀರು ಕಾಗದದಲ್ಲಿ ಎಷ್ಟು ದೂರ ಇಳಿಯುತ್ತದೆ ಅನ್ನುವುದೇ ಲೆಕ್ಕ. ಹತ್ತು ಮಿಲಿಮೀಟರ್ ದಾಟಬೇಕಿತ್ತು. ಅಮ್ಮನದು ಎರಡು.

“ಮೈಯನ್ನ ಕಾಯೋ ಶಕ್ತೀನೇ ಕಣ್ಣೀರಿನ ಗ್ರಂಥಿ ಮೇಲೆ ತಿರುಗಿಬಿದ್ದಿದೆ. ಅದನ್ನ ತಣ್ಣಗೆ ಮಾಡೋಕೆ ಈ ಸೈಕ್ಲೋಸ್ಪೊರಿನ್ ಹನಿ, ದಿನಕ್ಕೆರಡು ಸಲ” ಅಂದರು ಡಾಕ್ಟರಮ್ಮ. “ನಾಲ್ಕು ತಿಂಗ್ಳು ಬಿಡ್ದೆ ಹಾಕ್ಬೇಕು. ಇಲ್ದಿದ್ರೆ ಕಣ್ಣುಗುಡ್ಡೆ ಮೇಲೆ ಗಾಯ ಆಗಿ ದೃಷ್ಟಿಗೇ ಕುತ್ತು.”

ಎರಡು ವಾರವೂ ಆಗಿರಲಿಲ್ಲ. ಮಾವ ಬಂದವನು ಔಷಧಿಯ ಡಬ್ಬಿ ಓದಿ ಕೂಗಿಕೊಂಡ: “ಅಯ್ಯಯ್ಯೋ, ಇದು ನನ್ ಕಿಡ್ನಿ ಮಾತ್ರೆ ಕಣಕ್ಕಾ!” ಅವನಿಗೆ ಬೇರೆಯವರ ಕಿಡ್ನಿ ಹಾಕಿದ್ದಾರೆ. ಮೈ ಅದನ್ನು ಹೊರಗಿನದು ಅಂತ ತಳ್ಳದಿರಲೆಂದು ಇದೇ ಔಷಧವನ್ನು ಕ್ಯಾಪ್ಸೂಲಿನಲ್ಲಿ ನುಂಗುತ್ತಾನೆ. ಪದೇ ಪದೇ ರಕ್ತಪರೀಕ್ಷೆ, ನೆಗಡಿಯವರ ಹತ್ತಿರ ಸುಳಿಯುವಂತಿಲ್ಲ, ರಕ್ತದಲ್ಲಿ ಔಷಧ ಏರಿಸುತ್ತದೆಂದು ಚಕ್ಕೋತ ಹಣ್ಣೂ ಮುಟ್ಟುವಂತಿಲ್ಲ. ಅದನ್ನೆಲ್ಲ ಅಮ್ಮನ ಕಿವಿಗೆ ಊದಿ ಎದ್ದುಹೋದ. ಅಮ್ಮ ಬಾಟಲಿಯನ್ನು ಉಪ್ಪಿನಕಾಯಿ ಜಾಡಿಯ ಹಿಂದೆ ಬಚ್ಚಿಟ್ಟಳು. ಗಣೇಶನ ಹಬ್ಬಕ್ಕೆ ತಂದ ಚಕ್ಕೋತವನ್ನೂ ಪಕ್ಕದ ಮನೆಗೆ ಸಾಗಿಸಿದಳು.

ಎಂಟು ದಿನ ಬಿಟ್ಟು ಜಾಡಿಗೆ ಕೈ ಹಾಕಿದಾಗ ನನಗೆ ಗೊತ್ತಾಯಿತು. ಕೆಂಡಾಮಂಡಲವಾಗಿ ಮಾವನಿಗೆ ಫೋನ್ ಮಾಡಿದೆ. “ನಿಂಗೇನ್ ಬುದ್ಧಿಗಿದ್ಧಿ ಇದ್ಯಾ? ಈಗ್ಲೇ ಬಾ!” ಇಬ್ಬರನ್ನೂ ಆಟೋದಲ್ಲಿ ತುಂಬಿಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದೆ.

ಅವರು ನಕ್ಕರು. “ಔಷಧ ಒಂದೇ, ಹೋಗೋ ದಾರಿ ಬೇರೆ. ನುಂಗಿದ್ರೆ ರಕ್ತಕ್ಕೆ ಸೇರಿ ಮೈಯೆಲ್ಲಾ ಸುತ್ತುತ್ತೆ, ಅದಕ್ಕೇ ನಿಮ್ಗೆ ಅಷ್ಟು ಪಥ್ಯ. ಹನಿ ಕಣ್ಣಲ್ಲೇ ಕೆಲ್ಸ ಮಾಡುತ್ತೆ, ರಕ್ತಕ್ಕೆ ಹೋಗೋದು ಇಲ್ವೇನೋ ಅನ್ನೋಷ್ಟು ಕಮ್ಮಿ. ಅಮ್ಮ ಚಕ್ಕೋತ ತಿನ್ಲಿ. ನೀವು ನೋಡ್ತಾ ಕೂತ್ಕೊಳ್ಳಿ.”

ಅವತ್ತಿನಿಂದ ಮಾವನ ಬಾಯಲ್ಲಿ ಅದು “ನಮ್ಮ ಔಷಧ”. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಫೋನು ತಪ್ಪದು: “ಅಕ್ಕಾ, ಟೈಮಾಯ್ತು. ನಾನ್ ನುಂಗ್ತೀನಿ, ನೀನ್ ಹಾಕ್ಕೋ.” “ಥೂ, ಖಾರ ಅರೆದು ಬಿಟ್ಟಂಗಿದೆ ಕಣೋ!” “ನಂದು ನಾರುತ್ತೆ, ನಾನ್ ನುಂಗಲ್ವಾ? ಹಾಕ್ಕೋ ಸುಮ್ನೆ.”

ನಾಲ್ಕನೆಯ ತಿಂಗಳು ಮತ್ತೆ ಕಾಗದದ ಪಟ್ಟಿ. ಮಾವನೂ ಹಾಜರು. ಅಮ್ಮ ಕಣ್ಣು ಮುಚ್ಚಿ ಕೂತಳು, ನಾವಿಬ್ಬರೂ ಕತ್ತು ಚಾಚಿ ನಿಂತೆವು. ಎರಡು ದಾಟಿತು! ನಾಲ್ಕು. ಐದು. “ಬಾ ಬಾ ಬಾ” ಅಂತ ಮಾವ ಕಾಗದವನ್ನೇ ಕರೆಯತೊಡಗಿದ. ಏಳರಲ್ಲಿ ನಿಂತೇಹೋಯಿತು. ಡಾಕ್ಟರಮ್ಮ ಗಡಿಯಾರ ನೋಡಿದರು. ಮತ್ತೆ ಜರುಗಿತು, ಎಂಟು, ಒಂಬತ್ತು, ಹತ್ತು! ಸಮಯ ಮುಗಿದಾಗ ಹನ್ನೊಂದು. ಮಾವ ಹಾಕಿದ ಕೇಕೆಗೆ ಹೊರಗೆ ಕೂತವರೆಲ್ಲ ಬಾಗಿಲಲ್ಲಿ ಇಣುಕಿದರು. ನನಗಂತೂ ಕುಣಿಯುವಷ್ಟು ಖುಷಿ.

ಮಾವನೂ ನಮ್ಮ ಜೊತೆ ಮನೆಗೆ ಬಂದ. ರಾತ್ರಿ ಅಡುಗೆಯ ಹೊತ್ತಿಗೆ ಅಮ್ಮ ತಾನಾಗಿಯೇ ಈಳಿಗೆಮಣೆ ಎಳೆದುಕೊಂಡು ಕೂತಳು. “ಈರುಳ್ಳಿ ಕೊಡೇ, ನೋಡೇಬಿಡಣ.” ಎರಡನೆಯ ಈರುಳ್ಳಿಗೆ ಕೆನ್ನೆಯ ಮೇಲೆ ಒಂದು ಹನಿ ಉರುಳಿತು. ನಾನು ಚಪ್ಪಾಳೆ ತಟ್ಟಿದೆ. ಇನ್ನೊಂದು ಉರುಳಿತು, ಮತ್ತೊಂದು. ಅಮ್ಮ ಈಳಿಗೆಮಣೆ ಮಡಚಿ, ಈರುಳ್ಳಿ ಆಚೆ ಸರಿಸಿ, ಕೈ ತೊಳೆದು ಬಂದು ಕೂತಳು. ನೀರು ಇಳಿಯುತ್ತಲೇ ಇತ್ತು.

“ಸಾಕು ಬಿಡಕ್ಕಾ, ಈರುಳ್ಳಿ ಘಾಟು ಜಾಸ್ತಿ” ಅಂದ ಮಾವ.

“ಇದು ಈರುಳ್ಳೀದಲ್ಲ ಕಣೋ” ಅಂದಳು ಅಮ್ಮ. “ಅವ್ವಂದು.”

ಮಾವ ತಲೆ ಎತ್ತಲಿಲ್ಲ. “ಕಲ್ಲು ಅಂದ್ಬಿಟ್ನಲ್ಲಕ್ಕಾ” ಅಂತ ಅವಳ ಕೈ ಹಿಡಿದುಕೊಂಡ. ಅಷ್ಟರಲ್ಲಿ ಅವನ ಫೋನಿನಲ್ಲಿ ಎಂಟರ ಅಲಾರಂ ಹೊಡೆಯಿತು. ನಾನು ಎದ್ದು ನೀರು ತಂದುಕೊಟ್ಟೆ, ಅವನು ಕ್ಯಾಪ್ಸೂಲ್ ನುಂಗಿದ. ಅಮ್ಮನ ಹನಿ ಮಾತ್ರ ಅವತ್ತು ಅರ್ಧ ಗಂಟೆ ತಡವಾಯಿತು. ಕಣ್ಣು ಒಣಗುವವರೆಗೆ ಕಾಯಬೇಕಾಯಿತು.