ಬ್ರಾಂದಿ ಅಂಗಡಿ ಮುಚ್ಚಿಸಿದ ಮೇಲೆ

ಕುಡಿತದ ಅಂಗಡಿಗಳನ್ನೆಲ್ಲ ಬಂದ್ ಮಾಡಿಸಬೇಕು ಎಂದು ಯಾರಾದರೂ ಭಾಷಣ ಬಿಗಿದರೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಿದ್ದವಳು ನಾನು. ಈಗ ಆ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಭಾಷಣದವರ ಮೇಲಲ್ಲ, ನನ್ನ ಮೇಲೆಯೇ.

ನಾನು ಬಳ್ಳಾರಿಯಲ್ಲಿ ಹೈಸ್ಕೂಲ್ ಟೀಚರ್. ತವರು ಸಿರಿಗೇರಿ ಹತ್ತಿರದ ಒಂದು ಹಳ್ಳಿ. ಅಲ್ಲಿ ಬಸ್ ನಿಲ್ಲುವ ಜಾಗದ ಎದುರಿಗೇ ಬ್ರಾಂದಿ ಅಂಗಡಿ ಇತ್ತು. ನನ್ನ ತಮ್ಮ ದಿನಾ ಸಂಜೆ ಗದ್ದೆಯಿಂದ ನೇರ ಅಲ್ಲಿಗೆ ಹೋಗಿ, ತೂರಾಡುತ್ತ ಮನೆಗೆ ಬರುತ್ತಿದ್ದ. ಅವನ ಹೆಂಡತಿ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿನ ಮುಂದಾಳು. ಅಂಗಡಿ ಮುಚ್ಚಿಸಲು ಅರ್ಜಿ ಬರೆದುಕೊಡಿ ಎಂದಳು, ಬರೆದೆ. ಸಿರುಗುಪ್ಪದ ತಾಲ್ಲೂಕು ಕಚೇರಿಗೆ ಹೋಗಿ ಕೊಟ್ಟೆವು. ನೋಡೋಣ ಎಂದರು, ನೋಡುತ್ತಲೇ ಇದ್ದರು.

ಕೊನೆಗೆ ದಾರಿ ಕಂಡುಕೊಂಡವರು ಆ ಹೆಂಗಸರೇ. ಅಂಗಡಿಯ ಕಟ್ಟಡ ಊರಿನ ಒಬ್ಬ ದೊಡ್ಡ ರೈತನದು. ಕಾಲುವೆಗೆ ನೀರು ಬಂತು, ಎಲ್ಲರ ಗದ್ದೆಯಲ್ಲೂ ನಾಟಿ ಶುರುವಾಯಿತು, ಅವನ ಗದ್ದೆಗೆ ಮಾತ್ರ ಒಬ್ಬಳೂ ಇಳಿಯಲಿಲ್ಲ. ಅವನು ಹೊರಗಿನಿಂದ ಆಳು ತರಿಸಿದ. ಅವರೂ ಹೆಂಗಸರೇ ತಾನೆ, ವಿಷಯ ಕೇಳಿ ಬದುವಿನಿಂದಲೇ ಹಿಂದಕ್ಕೆ ಹೋದರು. ಸಸಿ ಬಲಿತು ಕೆಡುತ್ತ ಬಂದಾಗ, "ಅಂಗಡಿ ಬಿಡಸ್ತೀನ್ರವ್ವಾ, ಸಸಿ ಹಚ್ಚರಿ" ಎಂದು ಕೈಮುಗಿದ. ನಾನು ಊರಿಗೆಲ್ಲ ಪೇಢೆ ಹಂಚಿದೆ. ಬಳ್ಳಾರಿಗೆ ಬಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿದ್ದೇ ಕೊಚ್ಚಿದ್ದು.

ತಮ್ಮ ಹದಿನೈದು ದಿನ ಮುಖ ಊದಿಸಿಕೊಂಡು ಮನೆಯಲ್ಲಿ ಕೂತ. ಆಮೇಲೆ ಬೈಕ್ ಹತ್ತಿ ಕುರುಗೋಡಿಗೆ ಹೋಗಿ ಕುಡಿಯತೊಡಗಿದ. ಕುಡಿದು ಅದೇ ಬೈಕಿನಲ್ಲಿ ವಾಪಸು. ಹೋದ ತಿಂಗಳು ಹೊಸ ಚಪ್ಪಲಿ ಕೊಡಿಸುತ್ತೇನೆಂದು ಏಳು ವರ್ಷದ ಮಗಳನ್ನೂ ಕರೆದುಕೊಂಡು ಹೋಗಿದ್ದ. ಬರುವಾಗ ಬೈಕ್ ಕಾಲುವೆ ಪಕ್ಕ ಜಾರಿ ಬಿತ್ತು. ಅವನಿಗೆ ಮೊಣಕಾಲು ತರಚಿತು. ಕೂಸಿನ ಕೈ ಮುರಿಯಿತು.

ಬಳ್ಳಾರಿಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿದ ಮೇಲೆ ತಾಯಿ ಮಗಳು ನನ್ನ ಮನೆಗೆ ಬಂದರು. ಮಗುವನ್ನು ಮಲಗಿಸಿ ತಮ್ಮನ ಹೆಂಡತಿ ನನ್ನ ಎದುರು ಕೂತಳು.

"ಅಕ್ಕಾರೆ, ಇನ್ನೊಂದು ಅರ್ಜಿ ಬರ್ದು ಕೊಡ್ರಿ. ನಮ್ಮೂರಾಗ ಅಂಗಡಿ ತಿರುಗಿ ತೆಗೀಲಿ. ನಿಮ್ಮ ತಮ್ಮ ಆವಾಗ ಬಿದ್ದು ಎದ್ದು ನಡ್ಕೊಂಡಾದ್ರೂ ಬರ್ತಿದ್ರು."

ನನಗೆ ರೇಗಿತು. "ತಲಿ ಕೆಟ್ಟೈತೇನ ನಿನಗ? ಕುರುಗೋಡಾಗಿಂದೂ ಮುಚ್ಚಸಬೇಕು. ಇಡೀ ರಾಜ್ಯದಾಗ ಬಂದ್ ಮಾಡಸಬೇಕು."

"ಮಾಡಸ್ರಿ. ಆಂಧ್ರ ಎಷ್ಟು ದೂರ ಐತ್ರಿ ನಮಗ? ಅಲ್ಲಿಗೂ ಗಾಡಿ ಮ್ಯಾಲೇ ಹೋಗ್ತಾರ."

"ಅವನಿಗೆ ಬುದ್ಧಿ ಹೇಳೋದು ಬಿಟ್ಟು ಇದೇನಂತ ಹೇಳ್ತಿ? ನಾ ಬರಿಯಂಗಿಲ್ಲ."

"ಹಂಗಾದ್ರ ದಿನಾ ಸಂಜೀಕ ನೀವು ಬಂದು ಅವರ ಗಾಡಿ ಹಿಂದ ಕುಂದರ್ರಿ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನದ ನಾಲ್ಕು ಮಾತು ಹೇಳಿ ಪಾರಾಗುತ್ತಿದ್ದೆ. ಮೇಜಿನ ಮೇಲಿದ್ದ ಉತ್ತರ ಪತ್ರಿಕೆಗಳನ್ನು ಸರಿಸಿ ಹಾಳೆ ತೆಗೆದೆ. ವರ್ಷಗಟ್ಟಲೆ ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸಿದ್ದೇನೆ, ಇಷ್ಟು ನಾಚಿಕೆಪಟ್ಟು ಒಂದು ಪತ್ರವನ್ನೂ ಬರೆದಿರಲಿಲ್ಲ. 'ನಮ್ಮ ಊರಿನಲ್ಲಿ ಮದ್ಯದಂಗಡಿ ಇಲ್ಲದೆ ಹೆಂಗಸರು ಮಕ್ಕಳಿಗೆ ತುಂಬ ತೊಂದರೆಯಾಗಿದೆ' ಎಂದು ಬರೆದೆ. ಅವಳು ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದಳು. ಆಮೇಲೆ ಪೆನ್ನು ಇಸಿದುಕೊಂಡು ಸಹಿ ಹಾಕಿದಳು.